ಎತ್ತು ಸವರಿ ಎಂದು ಹೇಳಬೇಡಿ: ಮನುಷ್ಯ-ಪ್ರಾಣಿ ನಂಟಿನ ಸಾಕ್ಷ್ಯಚಿತ್ರ ಮೊಬೈಲ್‌ನಲ್ಲೇ ಮಾಡುವ ಬಗೆ

ನನ್ನ ಮೊದಲ ಸಾಕ್ಷ್ಯಚಿತ್ರ 6 ನಿಮಿಷದ್ದು. ಚಿಕ್ಕಪ್ಪ ತಮ್ಮ ಹಳ್ಳಿಕಾರ್ ಜೋಡಿಯ ಮೈ ಸವರುತ್ತಾರೆ, ಎತ್ತು ತಲೆ ಆಡಿಸುತ್ತದೆ, ಹಿಂದೆ ಕೊಳಲು. ನೆಂಟರೆಲ್ಲ ಚೆನ್ನಾಗಿದೆ ಎಂದರು. ಚಿಕ್ಕಪ್ಪ ಮಾತ್ರ, "ನಾನ್ಯಾವತ್ಲಾ ಹಂಗೆ ಸುಮ್ನೆ ನಿಂತ್ಕಂಡು ಎತ್ತು ಸವರ್ತೀನಿ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸವರಿ ಅಂತ ಹೇಳಿದ್ದೇ ನಾನು.

ಅದಾದ ಮೇಲೆ ಅದೇ ಕೊಟ್ಟಿಗೆಯಲ್ಲಿ, ಅದೇ ಎತ್ತುಗಳ ಬಗ್ಗೆ ಇನ್ನೊಂದು ಚಿತ್ರ ಮಾಡಿದೆ. ಅದಕ್ಕೆ ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. ಆಗ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ನಿಮ್ಮ ಹತ್ತಿರ ಒಂದು ಮೊಬೈಲ್, ಊರಲ್ಲಿ ಪ್ರಾಣಿಯ ಜೊತೆ ಬದುಕುವ ಒಬ್ಬರು ಇದ್ದರೆ ಸಾಕು.

1. ಮೊದಲು ನಾಲ್ಕು ಚಿತ್ರ ನೋಡಿ, ಎರಡನೇ ಸಲ ಧ್ವನಿ ನಿಲ್ಲಿಸಿ ನೋಡಿ

ಮೈಸೂರಿನಿಂದ ಊಟಿಗೆ ಹೋಗುವಾಗ ಬಂಡೀಪುರ ದಾಟಿದ ಮೇಲೆ ತೆಪ್ಪಕಾಡು ಸಿಗುತ್ತದೆ. 2023ರಲ್ಲಿ ಆಸ್ಕರ್ ಗೆದ್ದ 'ದಿ ಎಲಿಫೆಂಟ್ ವಿಸ್ಪರರ್ಸ್' ತೆಗೆದದ್ದು ಅಲ್ಲಿನ ಆನೆ ಶಿಬಿರದಲ್ಲಿ. ಕಾರ್ತಿಕಿ ಗೊನ್ಸಾಲ್ವಿಸ್ ಮಾಡಿದ ಸುಮಾರು 40 ನಿಮಿಷದ ಚಿತ್ರ. ಜನ ನೆನಪಿಟ್ಟುಕೊಳ್ಳುವುದು ಆನೆ ನೋಡಿಕೊಳ್ಳುವ ದಂಪತಿ ಬೊಮ್ಮನ್, ಬೆಳ್ಳಿ ಮತ್ತು ಮರಿಯಾನೆ ರಘುವಿನ ಮುದ್ದಾಟವನ್ನು. ಧ್ವನಿ ನಿಲ್ಲಿಸಿ ನೋಡಿದರೆ ಬೇರೆಯೇ ಕಾಣುತ್ತದೆ. ಸ್ನಾನ ಮಾಡಿಸುವುದು, ತಿನ್ನಿಸುವುದು, ಜೊತೆಗೆ ನಡೆಯುವುದು. ಎಲ್ಲವೂ ದಿನದ ಕೆಲಸ. ಒಂದು ದಿನ ರಘುವನ್ನು ಬೇರೆಯವರ ಕೈಗೆ ಒಪ್ಪಿಸಬೇಕಾಗುತ್ತದೆ, ಏಕೆಂದರೆ ಆನೆ ಅವರದ್ದಲ್ಲ, ಅರಣ್ಯ ಇಲಾಖೆಯದ್ದು. ಆ ಗಳಿಗೆ ನಮಗೆ ನಾಟುವುದು ಅದಕ್ಕೆ ಮುಂಚೆ ಅಷ್ಟೂ ಕೆಲಸವನ್ನು ನೋಡಿರುತ್ತೇವೆ ಎಂಬ ಕಾರಣಕ್ಕೆ.

ಇನ್ನೊಂದು, 2019ರ 'ಹನಿಲ್ಯಾಂಡ್'. ಉತ್ತರ ಮ್ಯಾಸಿಡೋನಿಯದ ಕಲ್ಲುಗುಡ್ಡದಲ್ಲಿ ಹಾಸಿಗೆ ಹಿಡಿದ ತಾಯಿಯ ಜೊತೆ ಇರುವ ಹತಿಜೆ ಎಂಬ ಹೆಂಗಸು. ಜೇನು ಬಿಚ್ಚುವಾಗ ಅರ್ಧ ತನಗೆ, ಅರ್ಧ ಹುಳುಗಳಿಗೆ. ಚಿತ್ರತಂಡಕ್ಕೆ ಅವಳು ಆಡುವ ತುರ್ಕಿ ಮಾತು ಬರುತ್ತಿರಲಿಲ್ಲ. ಮೂರು ವರ್ಷ ತೆಗೆದರು, 400 ಗಂಟೆಗೂ ಹೆಚ್ಚು. ಮಾತು ಅರ್ಥವಾಗದಿದ್ದರೂ ಕತೆ ಕಾಣಬೇಕು ಎಂಬ ಪಾಠ ಇದಕ್ಕಿಂತ ಚೆನ್ನಾಗಿ ಎಲ್ಲೂ ಸಿಗಲಿಕ್ಕಿಲ್ಲ.

ಮೂರನೆಯದು ಶೌನಕ್ ಸೇನ್ ಅವರ 'ಆಲ್ ದಟ್ ಬ್ರೀದ್ಸ್', 2022ರದ್ದು. ದೆಹಲಿಯ ವಜೀರಾಬಾದಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಗಾಯಗೊಂಡ ಹದ್ದುಗಳಿಗೆ ಚಿಕಿತ್ಸೆ ಮಾಡುತ್ತಾರೆ. ಗಾಳಿಪಟದ ಮಾಂಜಾ ದಾರ ರೆಕ್ಕೆ ಕೊಯ್ದಿರುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಚಿತ್ರ ಇದೇ. ಅಣ್ಣತಮ್ಮಂದಿರು ಹದ್ದನ್ನು ಎತ್ತಿ ಮುದ್ದಿಸುವುದಿಲ್ಲ. ಹಣ ಸಾಲದು, ಮಾಂಸ ಅರೆಯುವ ಯಂತ್ರ ಕೈಕೊಡುತ್ತದೆ, ಒಬ್ಬರಿಗೊಬ್ಬರು ರೇಗುತ್ತಾರೆ, ಆದರೂ ಕೆಲಸ ನಿಲ್ಲುವುದಿಲ್ಲ. ನಾಲ್ಕನೆಯದರ ಸುದ್ದಿ ಮುಂದೆ ಬರುತ್ತದೆ.

ನೋಡುವಾಗ ಒಂದು ಕಾಗದ ಇಟ್ಟುಕೊಳ್ಳಿ. ಕೈ ಏನು ಮಾಡುತ್ತಿದೆ ಎಂದಷ್ಟೇ ಬರೆಯಿರಿ. ಭಾವನೆ ಬರೆಯಬೇಡಿ.

2. ಪ್ರಾಣಿಯನ್ನು ಹುಡುಕಬೇಡಿ, ಕೆಲಸ ಹುಡುಕಿ

"ಅವರಿಗೆ ಅವರ ನಾಯಿ ಅಂದರೆ ಪ್ರಾಣ" ಎಂಬುದು ಚಿತ್ರಕ್ಕೆ ಸಾಲದು. ಆ ಇಬ್ಬರೂ ಸೇರಿ ದಿನಾ ಏನು ಮಾಡುತ್ತಾರೆ? ಕುರಿ ಕಾಯುವವರು ಮತ್ತು ಅವರ ನಾಯಿ. ಕಂಬಳದ ಕೋಣಕ್ಕೆ ಎಣ್ಣೆ ಹಚ್ಚಿ ತಿಕ್ಕುವವರು. ದುಬಾರೆಯಲ್ಲೋ ಸಕ್ರೆಬೈಲಿನಲ್ಲೋ ಹೊಳೆಗಿಳಿಸಿ ಆನೆ ಮೈ ಉಜ್ಜುವ ಕಾವಾಡಿ. ಡೈರಿಗೆ ಹಾಲು ಹಾಕುವ ಮನೆಯಾಕೆ ಮತ್ತು ಅವಳು ಬಂದರಷ್ಟೇ ಹಾಲು ಬಿಡುವ ಎಮ್ಮೆ. ಬೆಂಗಳೂರಿನಲ್ಲಿದ್ದೀರಾ? ರಾತ್ರಿ ಬೀದಿ ನಾಯಿಗಳಿಗೆ ಅನ್ನ ಇಡುವವರು ನಿಮ್ಮ ಬಡಾವಣೆಯಲ್ಲೇ ಸಿಗುತ್ತಾರೆ, ಅವರ ಮೇಲೆ ಸಿಡುಕುವ ಪಕ್ಕದ ಮನೆಯವರೂ ಸಿಗುತ್ತಾರೆ. ಆ ಸಿಡುಕೂ ಚಿತ್ರದೊಳಗೆ ಬರಬೇಕು.

ಕೆಲಸದ ಜೊತೆಗೆ ಒಂದು ಬದಲಾವಣೆಯನ್ನೂ ಹುಡುಕಿ. ಕರು ಹಾಕುವುದು, ಮಾರುವುದು, ವಯಸ್ಸಾಗುವುದು, ಟ್ರ್ಯಾಕ್ಟರ್ ಬರುವುದು. ಏನೂ ಬದಲಾಗದ ಕಡೆ ಹತ್ತು ನಿಮಿಷ ಕೂರಿಸುವುದು ಕಷ್ಟ.

ಒಂದು ಆಸೆಯನ್ನು ಮಾತ್ರ ತಡೆದುಕೊಳ್ಳಿ. ಕಾರ ಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ, ಸಂಕ್ರಾಂತಿಗೆ ಕಿಚ್ಚು ಹಾಯಿಸುವುದು, ಇವು ಕ್ಯಾಮೆರಾಗೆ ಹಬ್ಬವೇ. ತೆಗೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಮಾರನೇ ಬೆಳಗ್ಗೆಯೂ ಹೋಗಿ. ಕೊಂಬಿನ ಬಣ್ಣ ಅರ್ಧ ಹೋಗಿರುತ್ತದೆ, ಸಗಣಿ ಬಾಚಬೇಕಾಗಿರುತ್ತದೆ. ನನ್ನ ಚಿತ್ರದಲ್ಲಿ ಉಳಿದದ್ದು ಮಾರನೇ ಬೆಳಗ್ಗೆಯ ದೃಶ್ಯ.

3. ಅನುಮತಿ, ಕಾನೂನು, ಹಣ

ಬೇಸರದ ಭಾಗ ಇದು. ಬಿಡುವ ಹಾಗಿಲ್ಲ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಆನೆ ಶಿಬಿರ, ಎಲ್ಲೇ ಆದರೂ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಪಡೆಯಿರಿ. ಪರಿಚಯದ ಗಾರ್ಡ್ "ಪರವಾಗಿಲ್ಲ ಬನ್ನಿ ಸಾರ್" ಅಂದರೆ ಅದು ಅನುಮತಿ ಆಗುವುದಿಲ್ಲ, ನಾಳೆ ಅವರ ಕೆಲಸಕ್ಕೇ ಕುತ್ತು. ಕಾಡಿನ ಹತ್ತಿರ ಡ್ರೋನ್ ಹಾರಿಸುವ ಯೋಚನೆಯನ್ನೇ ಬಿಡಿ.

ಇದಕ್ಕಿಂತ ಸೂಕ್ಷ್ಮವಾದದ್ದು ಮನೆಯೊಳಗಿನ ಕಾಡುಪ್ರಾಣಿ. ಅಜ್ಜಿಯೊಬ್ಬರು ಪಂಜರದಲ್ಲಿ ಗಿಳಿ ಸಾಕಿದ್ದಾರೆ, ಅದು "ಕಾಫಿ ಆಯ್ತಾ" ಅನ್ನುತ್ತದೆ. ಚೆಂದದ ಕತೆ, ಅಲ್ವಾ? ಆದರೆ ನಮ್ಮ ಗಿಳಿಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನೀವು ಚಿತ್ರ ಹಾಕುತ್ತೀರಿ, ಕೇಸು ಅಜ್ಜಿಯ ಮೇಲೆ ಬೀಳುತ್ತದೆ. ಉತ್ತರ ಪ್ರದೇಶದ ಅಮೇಠಿಯಲ್ಲಿ ಹೀಗೇ ಆಯಿತು. ಕಾಲು ಮುರಿದ ಸಾರಸ್ ಕೊಕ್ಕರೆಯನ್ನು ಒಬ್ಬ ವ್ಯಕ್ತಿ ಆರೈಕೆ ಮಾಡಿದ. ಹಕ್ಕಿ ಅವನ ಬೈಕಿನ ಹಿಂದೆಯೇ ಹಾರಿಕೊಂಡು ಬರುತ್ತಿತ್ತು. ಆ ವಿಡಿಯೋ ದೇಶವೆಲ್ಲ ಸುತ್ತಿತು. 2023ರ ಮಾರ್ಚಿನಲ್ಲಿ ಅರಣ್ಯ ಇಲಾಖೆ ಹಕ್ಕಿಯನ್ನು ಒಯ್ದಿತು, ಅದು ಕೊನೆಗೆ ಕಾನ್ಪುರದ ಮೃಗಾಲಯ ಸೇರಿತು, ಅವನ ಮೇಲೆ ಕೇಸೂ ಆಯಿತು. ಕಾನೂನು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ನಿಮ್ಮ ಕ್ಯಾಮೆರಾದಿಂದ ಅಂಥದ್ದು ಶುರುವಾಗುವುದು ಬೇಡ.

ಹಣದ ಮಾತನ್ನು ಮೊದಲ ದಿನವೇ ಆಡಿ. "ಇದರಿಂದ ನನಗೆ ದುಡ್ಡು ಬರುವುದಿಲ್ಲ, ಬಂದರೆ ಹೀಗೆ ಹಂಚಿಕೊಳ್ಳೋಣ" ಎಂದು ಕನ್ನಡದಲ್ಲೇ ಅರ್ಧ ಪುಟ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡು ಒಂದು ಪ್ರತಿ ಅವರಿಗೂ ಕೊಡಿ. "ನಮ್ಮವರೇ ಅಲ್ವಾ" ಎಂದು ಬಿಟ್ಟರೆ ಮುಂದೆ ಇಬ್ಬರಿಗೂ ಮುಜುಗರ.

4. ಒಂದು ವಾರ ಬರಿಗೈಲಿ ಹೋಗಿ

ಮೊಬೈಲ್ ಜೇಬಿನಲ್ಲೇ ಇರಲಿ. ಹುಲ್ಲು ಹಾಕಿ, ನೀರು ಸೇದಿ, ಬೂಸಾ ಚೀಲ ಎತ್ತಿಕೊಡಿ. ಪ್ರಾಣಿಗೆ ನಿಮ್ಮ ವಾಸನೆ, ದನಿ ರೂಢಿಯಾಗಲಿ. ಮನುಷ್ಯರಿಗೂ ಅಷ್ಟೇ. ಚಿಕ್ಕಪ್ಪ ಮೊದಲ ಮೂರು ದಿನ ನನಗಾಗಿ ಇಸ್ತ್ರಿ ಅಂಗಿ ಹಾಕಿಕೊಂಡು ಕೊಟ್ಟಿಗೆಗೆ ಬಂದರು. ನಾಲ್ಕನೇ ದಿನ ತೂತು ಬನಿಯನ್ನಿನಲ್ಲಿ ಬಂದರು. ವಾರ ಮುಗಿದ ಮೇಲೆ ಚಿತ್ರ ಶುರುಮಾಡಬಹುದು ಎಂದು ಗೊತ್ತಾದದ್ದು ಅವತ್ತೇ.

ಈ ವಾರದಲ್ಲಿ ಒಂದು ಸಮಯಪಟ್ಟಿ ಮಾಡಿಕೊಳ್ಳಿ. ಎಷ್ಟು ಹೊತ್ತಿಗೆ ಕಲಗಚ್ಚು, ಎಷ್ಟು ಹೊತ್ತಿಗೆ ನೀರು, ಯಾವಾಗ ಕಟ್ಟುವುದು, ಯಾವಾಗ ಬಿಡುವುದು. ಎರಡನೇ ವಾರ ನೀವು ಐದು ನಿಮಿಷ ಮೊದಲೇ ಸರಿಯಾದ ಜಾಗದಲ್ಲಿ ನಿಂತಿರುತ್ತೀರಿ. ಓಡಿಹೋಗಿ ತೆಗೆದ ಶಾಟ್ ಯಾವತ್ತೂ ಅಲುಗುತ್ತಿರುತ್ತದೆ.

5. ಮೊಬೈಲ್ ಸಿದ್ಧಮಾಡಿ, ಕಿವಿಯನ್ನು ಅದಕ್ಕಿಂತ ಮೊದಲು

ಲೆನ್ಸ್ ಒರೆಸಿ. ಏರ್‌ಪ್ಲೇನ್ ಮೋಡ್ ಹಾಕಿ. ಅಡ್ಡಲಾಗಿ ಹಿಡಿಯಿರಿ. 1080ಪಿ ಸಾಕು. ನಿಮ್ಮ ಕ್ಯಾಮೆರಾ ಆ್ಯಪ್‌ನಲ್ಲಿ ಬದಲಿಸಲು ಆಗುವುದಾದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಡಿ. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, ಈ ಲೆಕ್ಕ ಇಟ್ಟರೆ ಕೊಟ್ಟಿಗೆಯ ಟ್ಯೂಬ್‌ಲೈಟು ಚಿತ್ರದಲ್ಲಿ ಮಿಣುಕುವುದಿಲ್ಲ. ಡಿಜಿಟಲ್ ಜೂಮ್ ಮುಟ್ಟಬೇಡಿ. ಒಂದು ನಿಮಿಷಕ್ಕೆ ಸುಮಾರು 100 ಎಂಬಿ ಲೆಕ್ಕ ಹಿಡಿದರೆ ಒಂದು ಗಂಟೆಗೆ 6 ಜಿಬಿ. ಅವತ್ತಿನದ್ದನ್ನು ಅವತ್ತೇ ಎರಡು ಕಡೆ ನಕಲು ಮಾಡಿ ಮಲಗಿ.

ಇನ್ನು ಧ್ವನಿ. ಮೊದಲ ಚಿತ್ರದಲ್ಲಿ ನಾನು ಕೊಳಲು ಹಾಕಿದ್ದೇಕೆ ಗೊತ್ತಾ? ಹಿಂದಿನ ಧ್ವನಿ ಪೂರ್ತಿ ಗಾಳಿಯ ಬುರುಬುರು. ಮುಚ್ಚಲಿಕ್ಕೆ ಬೇರೆ ದಾರಿ ಇರಲಿಲ್ಲ. ಕಾಲರಿಗೆ ಸಿಕ್ಕಿಸುವ ಮೈಕ್ ಕೊಳ್ಳಿ, ಅದರ ಮೇಲೆ ಹಾಕುವ ತುಪ್ಪಳದ ಟೋಪಿಯನ್ನೂ ಮರೆಯದೆ ಕೊಳ್ಳಿ. ಕ್ಯಾಮೆರಾಗೆ ಖರ್ಚು ಮಾಡುವ ಹಣ ಇದ್ದರೆ ಅದನ್ನೂ ಮೈಕಿಗೇ ಹಾಕಿ.

ದಿನಾ ಹತ್ತು ನಿಮಿಷ ಚಿತ್ರವಿಲ್ಲದೆ ಬರೀ ಧ್ವನಿ ತೆಗೆಯಿರಿ. ಕೊರಳ ಗಂಟೆ, ಮೆಲುಕು ಹಾಕುವ ಸದ್ದು, ಹಿಂಡಿ ನೆನೆಸಿದ ಬಕೆಟ್ಟಿಗೆ ಮೂತಿ ಹಾಕಿದಾಗಿನ ಸದ್ದು. ಮುಖ್ಯವಾಗಿ, ಯಜಮಾನರು ಪ್ರಾಣಿಯನ್ನು ಕರೆಯುವ ದನಿ. ಮನುಷ್ಯರ ಜೊತೆ ಮಾತಾಡುವ ದನಿಗೂ ಅದಕ್ಕೂ ಬಹಳ ವ್ಯತ್ಯಾಸ ಇರುತ್ತದೆ. ಮನೆಯವರ ಮೇಲೆ ಗದರುವ ಚಿಕ್ಕಪ್ಪ ಜೋಡಿಯಲ್ಲಿ ಒಂದಾದ ರಾಜ ಎಂಬ ಎತ್ತನ್ನು ಕರೆಯುವಾಗ ಮಗು ಏಳಿಸುವ ಹಾಗೆ ಕರೆಯುತ್ತಾರೆ. ನಂಟು ಅಂತ ನಾವು ಹುಡುಕುವುದು ಬಹುಪಾಲು ಈ ದನಿಯಲ್ಲೇ ಇರುತ್ತದೆ. ಅವರಿಗೆ ಮೈಕ್ ಹಾಕಿದ ದಿನ "ಏನ್ಲಾ, ಎತ್ತಿಗೂ ಒಂದು ಕಟ್ತೀಯಾ?" ಎಂದರು. ಕಟ್ಟಿದ್ದರೆ ಚೆನ್ನಾಗಿರುತ್ತಿತ್ತು.

6. ಎಲ್ಲಿ ನಿಲ್ಲಬೇಕು

ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ನಾಯಿ, ಬೆಕ್ಕು, ಕೋಳಿಯಾದರೆ ನೆಲದ ಮೇಲೆ ಕೂತು, ಬೇಕಾದರೆ ಮಲಗಿ. ನಿಂತು ಮೇಲಿಂದ ತೆಗೆದರೆ ಯಾವ ಪ್ರಾಣಿಯೂ ಸಾಮಾನಿನಂತೆ ಕಾಣುತ್ತದೆ. ನಾಯಿಯ ಕಣ್ಣಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಬೇಡಿ, ಅದಕ್ಕೆ ಬೆದರಿಕೆ ಅನ್ನಿಸಬಹುದು. ದನಕ್ಕೆ ಎರಡೂ ಪಕ್ಕ ಬಹಳ ಅಗಲ ಕಾಣುತ್ತದೆ, ಬೆನ್ನ ಹಿಂದೆ ನೇರ ಮಾತ್ರ ಕಾಣುವುದಿಲ್ಲ. ಅಲ್ಲಿ ನಿಂತು ಒದೆಸಿಕೊಂಡವರನ್ನು ಊರಲ್ಲಿ ಕೇಳಿ. ಫ್ಲಾಶ್, ಟಾರ್ಚು ಬೇಡವೇ ಬೇಡ. ಕಿವಿ ಹಿಂದಕ್ಕೆ ಹೋದರೆ, ಬಾಲ ಬಿರುಸಾದರೆ, ತಿನ್ನುವುದು ನಿಲ್ಲಿಸಿ ನಿಮ್ಮನ್ನೇ ನೋಡಿದರೆ, ಅಲ್ಲಿಂದ ಹಿಂದೆ ಸರಿಯಿರಿ. ಆನೆಯ ವಿಷಯದಲ್ಲಿ ಕಾವಾಡಿ ಹೇಳಿದ ಜಾಗ ಬಿಟ್ಟು ಒಂದು ಹೆಜ್ಜೆಯೂ ಆಚೀಚೆ ಬೇಡ.

ನಾನು ಹೇಳಿದ ನಾಲ್ಕನೇ ಚಿತ್ರ ಇಲ್ಲಿ ಬೇಕು. ಟಿಮೊತಿ ಟ್ರೆಡ್‌ವೆಲ್ ಎಂಬ ಅಮೆರಿಕದವರು 13 ಬೇಸಿಗೆ ಅಲಾಸ್ಕದ ಕರಡಿಗಳ ನಡುವೆ ಕಳೆದರು. ಕರಡಿಗಳು ತನ್ನನ್ನು ಒಪ್ಪಿವೆ ಎಂದು ನಂಬಿದ್ದರು, ಹೆಸರಿಟ್ಟು ಕರೆಯುತ್ತಿದ್ದರು. 2003ರ ಅಕ್ಟೋಬರಿನಲ್ಲಿ ಅವರನ್ನೂ ಗೆಳತಿಯನ್ನೂ ಕರಡಿ ಕೊಂದಿತು. ಅವರು ಬಿಟ್ಟುಹೋದ 100 ಗಂಟೆಗೂ ಹೆಚ್ಚಿನ ದೃಶ್ಯಗಳಿಂದ ವರ್ನರ್ ಹೆರ್ಝಾಗ್ 2005ರಲ್ಲಿ 'ಗ್ರಿಜ್ಲಿ ಮ್ಯಾನ್' ಮಾಡಿದರು. ಸಾವಿನ ಹೊತ್ತಿನ ಧ್ವನಿ ಕ್ಯಾಮೆರಾದಲ್ಲಿ ಉಳಿದಿತ್ತು. ಹೆರ್ಝಾಗ್ ಹೆಡ್‌ಫೋನ್ ಹಾಕಿ ಕೇಳುವುದನ್ನು ಚಿತ್ರದಲ್ಲಿ ನೋಡುತ್ತೇವೆ. ನಮಗೆ ಮಾತ್ರ ಕೇಳಿಸುವುದಿಲ್ಲ. ಎಷ್ಟು ದೂರ ನಿಲ್ಲಬೇಕು, ಎಷ್ಟು ತೋರಿಸಬೇಕು, ಎರಡಕ್ಕೂ ಉತ್ತರ ಒಂದೇ ಚಿತ್ರದಲ್ಲಿದೆ.

ಶಾಟ್ ತೆಗೆಯುವಾಗ ಮನಸ್ಸಿನಲ್ಲಿ 20 ಎಣಿಸುವ ತನಕ ನಿಲ್ಲಿಸಬೇಡಿ. ಪ್ರಾಣಿ ಏನಾದರೂ ಮಾಡುವುದು ಯಾವಾಗಲೂ ನಾವು ಬೇಜಾರಾಗಿ ಕ್ಯಾಮೆರಾ ಇಳಿಸಿದ ಮೇಲೆ.

7. ಮಾತಾಡಿಸುವುದು

ಕುರ್ಚಿ ಹಾಕಿ ಎದುರು ಕೂರಿಸಬೇಡಿ. ಕೈಯಲ್ಲಿ ಕೆಲಸ ಇರುವಾಗ ಕೇಳಿ. "ಇದರ ಮೇಲೆ ನಿಮಗೆ ತುಂಬಾ ಪ್ರೀತೀನಾ?" ಅಂದರೆ "ಹೂಂ" ಎಂದು ಮುಗಿಯುತ್ತದೆ. ಯಾರ ಹತ್ತಿರ ತಂದಿರಿ, ಎಷ್ಟು ಕೊಟ್ಟಿರಿ, ಯಾವಾಗ ಹಟ ಮಾಡುತ್ತದೆ, ನೀವು ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ಎತ್ತಿನ ಬೆಲೆ ಕೇಳಿದರೆ ಚಿಕ್ಕಪ್ಪ ಅರ್ಧ ಗಂಟೆ ಮಾತಾಡುತ್ತಾರೆ. ಜಾತ್ರೆಯಲ್ಲಿ ಹಲ್ಲು ನೋಡಿ ವಯಸ್ಸು ಹೇಳಿದ್ದು, ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸಿದ್ದು, ತೀರ್ಥಕ್ಕೆಂದು ಇಟ್ಟಿದ್ದ ದುಡ್ಡು ಎತ್ತಿಗೆ ಹೋದದ್ದು. ಪ್ರೀತಿ ಎಂಬ ಮಾತು ಅದರಲ್ಲಿ ಒಂದು ಸಲವೂ ಬರುವುದಿಲ್ಲ.

ಪ್ರಾಣಿಯ ಪರವಾಗಿ ನೀವು ಮಾತಾಡಬೇಡಿ. "ಎತ್ತು ಯೋಚಿಸುತ್ತಿತ್ತು, ನನ್ನ ಒಡೆಯ ಎಲ್ಲಿ ಎಂದು" ಎಂಬ ಹಿನ್ನೆಲೆ ದನಿ ಬೇಡ. ಗೋವಿನ ಹಾಡಿನಲ್ಲಿ ಪುಣ್ಯಕೋಟಿ ಮಾತಾಡಿದರೆ ನಮ್ಮ ಕಣ್ಣಲ್ಲಿ ನೀರು ಬರುತ್ತದೆ, ಅದು ಹಾಡು. ನಾವು ಮಾಡುತ್ತಿರುವುದು ಸಾಕ್ಷ್ಯಚಿತ್ರ. ಎತ್ತು ಬಾಗಿಲ ಕಡೆ ತಿರುಗಿದ್ದನ್ನು ತೋರಿಸಿ, ಉಳಿದದ್ದು ನೋಡುವವರಿಗೆ ಬಿಡಿ.

8. ಸುಳ್ಳು ಹುಟ್ಟಿಸಬೇಡಿ, ಕಷ್ಟದ ದಿನ ತಪ್ಪಿಸಬೇಡಿ

ಡಿಸ್ನಿಯವರ 1958ರ 'ವೈಟ್ ವಿಲ್ಡರ್‌ನೆಸ್' ಆಸ್ಕರ್ ಗೆದ್ದ ಚಿತ್ರ. ಅದರಲ್ಲಿ ಲೆಮ್ಮಿಂಗ್ ಎಂಬ ಪುಟ್ಟ ಇಲಿಯಂಥ ಪ್ರಾಣಿಗಳು ಸಾಲಾಗಿ ಕಡಿದಾದ ದಡದಿಂದ ನೀರಿಗೆ ಬೀಳುತ್ತವೆ. ಅವನ್ನು ತಂದು ಬೀಳಿಸಿ ತೆಗೆದದ್ದು ಎಂದು ವರ್ಷಗಳ ಮೇಲೆ ಬಯಲಾಯಿತು. ಲೆಮ್ಮಿಂಗ್‌ಗಳು ಒಟ್ಟಾಗಿ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂಬ ಸುಳ್ಳು ಇವತ್ತಿಗೂ ಓಡಾಡುತ್ತಿದೆ. ನನ್ನ "ಸವರಿ ಚಿಕ್ಕಪ್ಪ" ಅದರ ಮರಿ. ಇನ್ನೊಂದು ಸಲ ನಡೆಯಿರಿ ಎಂದು ಕೇಳುವುದು ತೀರಾ ಪಾಪವೇನಲ್ಲ. ಮಾಡದೇ ಇರುವುದನ್ನು ಮಾಡಿಸುವುದು, ಪ್ರಾಣಿಯನ್ನು ಹೆದರಿಸಿ ಓಡಿಸುವುದು, ಹಸಿವಲ್ಲಿಟ್ಟು ಕರೆಯುವುದು ಬೇಡ.

ಕೈ ಹಾಕಬೇಕೋ ಬೇಡವೋ ಎಂಬ ಪ್ರಶ್ನೆಯೂ ಬರುತ್ತದೆ. 'ಮೈ ಆಕ್ಟೋಪಸ್ ಟೀಚರ್' ಚಿತ್ರದಲ್ಲಿ ದಕ್ಷಿಣ ಆಫ್ರಿಕದ ಕ್ರೇಗ್ ಫಾಸ್ಟರ್ ದಿನಾ ಸಮುದ್ರಕ್ಕಿಳಿದು ಒಂದೇ ಆಕ್ಟೋಪಸ್ಸನ್ನು ನೋಡುತ್ತಾರೆ. ಶಾರ್ಕ್ ಬಂದು ಅದರ ತೋಳು ಕಿತ್ತಾಗ ನಡುವೆ ಹೋಗುವುದಿಲ್ಲ. ಕಾಡಿನ, ಕಡಲಿನ ಪ್ರಾಣಿಗೆ ಆ ನಿಯಮ ಸರಿ. ಕೊಟ್ಟಿಗೆಯಲ್ಲಿ ಕೊರಳಿಗೆ ಹಗ್ಗ ಸುತ್ತಿಕೊಂಡರೆ ಮೊಬೈಲ್ ಬಿಸಾಕಿ ಹಗ್ಗ ಬಿಡಿಸಿ.

ನನಗೆ ಬಂದ ಕಷ್ಟದ ದಿನ ಬೇರೆ ಥರದ್ದು. ಚಿಕ್ಕಪ್ಪ ರಾಜನನ್ನು ಮಾರಲು ತೀರ್ಮಾನಿಸಿದರು. ವಯಸ್ಸಾಗಿತ್ತು, ಜೋಡಿ ಸಮ ಎಳೆಯುತ್ತಿರಲಿಲ್ಲ. ನನಗೆ ಸಿಟ್ಟು ಬಂತು, ಇಷ್ಟು ದಿನ ಮಗನ ಹಾಗೆ ನೋಡಿ ಈಗ ಮಾರುವುದಾ ಎಂದು. ಆದರೂ ಜಾತ್ರೆಗೆ ಜೊತೆಗೆ ಹೋದೆ. ದುಡ್ಡು ಎಣಿಸಿಕೊಂಡರು, ಕೊರಳ ಹಗ್ಗ ಬಿಚ್ಚಿಕೊಂಡರು, ತಿರುಗಿ ನೋಡದೆ ನಡೆದರು. ನಾನು ಮುಖ ತೆಗೆಯಲಿಕ್ಕೆ ಮುಂದೆ ಓಡಬಹುದಿತ್ತು. ಓಡಲಿಲ್ಲ. ವಾಪಸ್ ಬಸ್ಸಿನಲ್ಲಿ ಆ ಹಗ್ಗ ಅವರ ತೊಡೆಯ ಮೇಲಿತ್ತು. ಊರು ಬರುವ ತನಕ ಅದನ್ನು ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ಕೇಳಿ ತೆಗೆದೆ, ಕೈ ಮಾತ್ರ. ಚಿತ್ರದಲ್ಲಿ ಅದು ಒಂದೂವರೆ ನಿಮಿಷ ಇದೆ.

ಮಾರುವ ದಿನವನ್ನು ಬಿಟ್ಟಿದ್ದರೆ ನನ್ನ ಹತ್ತಿರ ಶುಭಾಶಯ ಪತ್ರ ಉಳಿಯುತ್ತಿತ್ತು.

9. ಕತ್ತರಿಸುವುದು

ವಿಎನ್, ಕೈನ್‌ಮಾಸ್ಟರ್ ಎಂಬ ಎಡಿಟಿಂಗ್ ಆ್ಯಪ್‌ಗಳು ಮೊಬೈಲಿನಲ್ಲೇ ನಡೆಯುತ್ತವೆ. ಕಂಪ್ಯೂಟರ್ ಇದ್ದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಬೇಕಾದಷ್ಟಾಯಿತು. ಮೊದಲ ಜೋಡಣೆಯನ್ನು ಮಾತಿಲ್ಲದೆ ಮಾಡಿ, ಬರೀ ದೃಶ್ಯ. ಕತೆ ಎಲ್ಲಿ ಕಡಿಯುತ್ತದೋ ಅಲ್ಲಿ ಮಾತ್ರ ಮಾತು ಸೇರಿಸಿ. 10 ರಿಂದ 15 ನಿಮಿಷ ಮೀರಬೇಡಿ. ಸಂಗೀತ ಬೇಕೇ ಬೇಕು ಅನ್ನಿಸಿದರೆ ಒಂದು ರಾತ್ರಿ ಮಲಗೆದ್ದು ಮತ್ತೆ ಯೋಚಿಸಿ. ಸಿನಿಮಾ ಹಾಡು ಹಾಕಿದರೆ ಯೂಟ್ಯೂಬ್‌ನಲ್ಲಿ ಹಕ್ಕುಸ್ವಾಮ್ಯದ ತಕರಾರು ಬರುತ್ತದೆ. ಊರಿನ ಮಾತು ಗಟ್ಟಿಯಾಗಿದ್ದರೆ ಶಿಷ್ಟ ಕನ್ನಡದಲ್ಲಿ ಅಡಿಬರಹ ಹಾಕಿ, ಆದರೆ ಅವರ ಮಾತನ್ನು ತಿದ್ದಬೇಡಿ.

10. ಮೊದಲು ಅವರಿಗೆ ತೋರಿಸಿ

ಆನ್‌ಲೈನ್‌ಗೆ ಹಾಕುವ ಮುಂಚೆ, ಸ್ಪರ್ಧೆಗೆ ಕಳಿಸುವ ಮುಂಚೆ. ಅವರ ಅಂಗಳದಲ್ಲೇ, ಸಂಜೆ ಕೆಲಸ ಮುಗಿದ ಮೇಲೆ. ಬೇಡ ಅಂದದ್ದನ್ನು ತೆಗೆಯುತ್ತೇನೆ ಎಂದು ಮೊದಲೇ ಮಾತು ಕೊಡಿ, ತೆಗೆಯಿರಿ ಕೂಡ. ಚಿಕ್ಕಮ್ಮ ಒಂದು ದೃಶ್ಯ ತೆಗೆಸಿದರು, ಹಿಂದೆ ಒಗೆಯದ ಬಟ್ಟೆ ರಾಶಿ ಕಾಣುತ್ತದೆ ಎಂದು. ನನಗೆ ಇಷ್ಟದ ಶಾಟ್ ಆಗಿತ್ತು, ಹೋಯಿತು.

ಚಿಕ್ಕಪ್ಪ ಪೂರ್ತಿ ನೋಡಿದರು. ಹಗ್ಗದ ದೃಶ್ಯಕ್ಕೆ ಏನಾದರೂ ಅನ್ನುತ್ತಾರೆ ಎಂದು ಕಾಯುತ್ತಿದ್ದೆ. ಏನೂ ಅನ್ನಲಿಲ್ಲ. ಮುಗಿದ ಮೇಲೆ, "ಹೊಲದಿಂದ ಬರೋದು ಇತ್ತಲ್ಲ, ಮೊದ್ಲು, ಅದನ್ನ ಇನ್ನೊಂದ್ಸಲ ಹಾಕು" ಎಂದರು. ಹಾಕಿದೆ. ಪರದೆಯಾಗಿ ಗೋಡೆಗೆ ಕಟ್ಟಿದ್ದ ಪಂಚೆಯ ಹತ್ತಿರ ಹೋಗಿ ಬಗ್ಗಿ ನೋಡಿದರು.

"ಹಿಂಗಾಲು ಎಳೀತಾ ಅವ್ನಲ್ಲೋ ರಾಜ. ಯಾವಾಗ ತೆಗ್ದಿದ್ದು ಇದು? ನಾನು ನೋಡೇ ಇಲ್ವಲ್ಲ."

ಅಷ್ಟು ಸಲ ಎಡಿಟ್ ಮಾಡಿದ್ದೆ, ನಾನೂ ನೋಡಿರಲಿಲ್ಲ.